ಗಡಹಿಂಗ್ಲಜದಿಂದ ಬಂದ ಸಮುದ್ರ

ನಮ್ಮ ಮನೆಗೆ ಸಮುದ್ರ ಬಂದದ್ದು ಒಂದು ಟೆಂಪೋದಲ್ಲಿ. ಗಾಜಿನ ತೊಟ್ಟಿಯನ್ನು ಖಾಲಿ ಮಾಡಿ, ಹಳೆಯ ಗಾದಿಗಳ ನಡುವೆ ನಿಲ್ಲಿಸಿ, ಹಗ್ಗ ಬಿಗಿದಿದ್ದರು. ಅದರಲ್ಲಿದ್ದ ಕಲ್ಲು, ಹವಳ, ಒಂದೆರಡು ಮೀನು ಎಲ್ಲ ಉಪ್ಪುನೀರಿನ ಬಕೆಟ್ಟುಗಳಲ್ಲಿ, ಮುಚ್ಚಳದ ಕೆಳಗೆ. ಗಡಹಿಂಗ್ಲಜದಿಂದ ಇಚಲಕರಂಜಿಯವರೆಗೂ ನನ್ನ ಗಂಡ ಚಾಲಕನ ಪಕ್ಕ ಕೂರಲಿಲ್ಲ. ಹಿಂದೆ ಬಕೆಟ್ಟುಗಳ ನಡುವೆ ಕಾಲು ಮಡಚಿಕೊಂಡು, ಕುಲುಕಾಟಕ್ಕೆ ಮುಚ್ಚಳ ಏಳದಂತೆ ಎರಡೂ ಕೈಯಿಂದ ಒತ್ತಿ ಹಿಡಿದು ಬಂದರು. ಮನೆ ಮುಂದೆ ಇಳಿದಾಗ ಅವರ ಅಂಗಿಯ ತೋಳಿನಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು. ಮದುವೆಯ ದಿನ ಕೂಡ ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ.

ಅವರಿಗೆ ಅದು ಯಾಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಮ್ಮದು ಮಗ್ಗದ ಮನೆ. ಹಿತ್ತಲಿನಾಚೆಗೆ ಶೆಡ್ಡು, ಅದರಲ್ಲಿ ಹಳೆಯ ಲಾಳಿ ಮಗ್ಗಗಳು. ನನ್ನ ಗಂಡ ತೊಟ್ಟಿಲಲ್ಲಿದ್ದಾಗಿನಿಂದ ಆ ಖಟಖಟ ಕೇಳುತ್ತ ಬೆಳೆದವರು. ಐವತ್ತು ದಾಟುವ ಹೊತ್ತಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು. ಫೋನಿನಲ್ಲಿ ಮಾತಾಡಲಾಗುತ್ತಿರಲಿಲ್ಲ, ನಾಲ್ಕು ಮಂದಿ ಕೂತಲ್ಲಿ ಸುಮ್ಮನೆ ನಗುತ್ತ ಕೂತುಬಿಡುತ್ತಿದ್ದರು. ಕೊಲ್ಹಾಪುರದ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಸರದಿ ಕಾಯುವ ಕೋಣೆಯಲ್ಲಿ ಒಂದು ಸಮುದ್ರದ ತೊಟ್ಟಿ ಇತ್ತು. ನೀಲಿ ಬೆಳಕಿನ ಕೆಳಗೆ ಹಸಿರು, ಕೇಸರಿ ಬಣ್ಣದ ಏನೇನೋ ಮೆಲ್ಲಗೆ ತೂಗಾಡುತ್ತಿದ್ದವು. ನಮ್ಮ ಹೆಸರು ಕೂಗಿದರೂ ಅವರು ಏಳಲಿಲ್ಲ. ಕೇಳಿಸಲಿಲ್ಲವೆಂದು ಭುಜ ತಟ್ಟಿದೆ.

"ಇಲ್ನೋಡು," ಅಂದರು, ತಮಗೆ ಕೇಳದ ದನಿಯಲ್ಲಿ, ಕೋಣೆಯ ಮಂದಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಇದಕ್ಕ ಸಪ್ಪಳನ ಇಲ್ಲ. ಆದ್ರೂ ಎಲ್ಲಾ ನಡದೈತಿ."

ಕಿವಿ ವಾಪಸು ಬರುವುದಿಲ್ಲ ಎಂದು ಒಳಗೆ ಡಾಕ್ಟರರು ಹೇಳಿದ್ದನ್ನು ನಾನು ಬರೆದು ತೋರಿಸಿದೆ. ಅವರು ತಲೆ ಆಡಿಸಿದರು. ಅವರ ಮನಸ್ಸೆಲ್ಲ ಹೊರಗಿನ ಕೋಣೆಯಲ್ಲಿತ್ತು.

ಆಮೇಲೆ ಕೊಲ್ಹಾಪುರದ ಒಬ್ಬ ಅಂಗಡಿಯವನನ್ನು ಹುಡುಕಿ ಹೋದರು. ಹೊಸದು ಕಟ್ಟಿಸುವುದಕ್ಕಿಂತ ನಡೆಯುತ್ತಿರುವುದನ್ನೇ ತರುವುದು ಒಳ್ಳೆಯದು ಎಂದು ಅವನೇ ಹೇಳಿದ. ಗಡಹಿಂಗ್ಲಜದಲ್ಲಿ ಕಾಲೇಜಿನಿಂದ ನಿವೃತ್ತರಾದ ಮಾಸ್ತರರೊಬ್ಬರು ತಮ್ಮ ತೊಟ್ಟಿ ಕೊಟ್ಟುಬಿಡುತ್ತಿದ್ದಾರೆ, ಎಲ್ಲ ಹೊರದೇಶದಲ್ಲಿ ತೊಟ್ಟಿಯಲ್ಲೇ ಬೆಳೆಸಿ ತಂದ ಹವಳ, ಕಾಗದಪತ್ರ ಸರಿಯಿದೆ ಎಂದ. ಗಡಹಿಂಗ್ಲಜ ನನ್ನ ತವರು. ಓಣಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಇಬ್ಬರೂ ಹೋದೆವು.

ಮಾಸ್ತರರು ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಭಾಳ ತಾಳ್ಮೆಯಿಂದ, ನನ್ನ ಗಂಡ ತುಟಿ ನೋಡಿ ತಿಳಿದುಕೊಳ್ಳುವಂತೆ ನಿಧಾನವಾಗಿ ಎಲ್ಲ ಹೇಳಿಕೊಟ್ಟರು. ಇವು ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ತಾವೇ ಕಟ್ಟಿಕೊಂಡ ಸುಣ್ಣದ ಬಟ್ಟಲಿನಲ್ಲಿ ಕೂತು, ಮಾಂಸದ ತೋಳು ಹೊರಗೆ ಚಾಚುತ್ತವೆ. ದೊಡ್ಡ ದೊಡ್ಡ ಬಾಯಿಯ ಜಾತಿ ಇದು. ತುದಿಯಲ್ಲಿ ಸುತ್ತಿಗೆಯ ಆಕಾರವಿದ್ದದ್ದು ಹ್ಯಾಮರ್. ಉದ್ದ ತೋಳಿನ ತುದಿ ಹೊಳೆಯುವುದು ಟಾರ್ಚ್. ದ್ರಾಕ್ಷಿ ಗೊಂಚಲಿನ ಹಾಗೆ ಉಬ್ಬಿದ್ದು ಬಬಲ್. ಮೆದುಳಿನ ಹಾಗೆ ಮಡಿಕೆ ಮಡಿಕೆಯಾಗಿದ್ದು ಬ್ರೇನ್. ಒಂದೊಂದನ್ನೂ ಅವರು ಬರಿಗೈಯಿಂದ ಎತ್ತಿ ಬಕೆಟ್ಟಿಗೆ ಇಳಿಸಿದರು. ಕೊನೆಗೆ ಎಡಮೂಲೆಯ ಒಂದು ಕಲ್ಲು ಉಳಿಯಿತು. ಅದರ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ, ಮಣ್ಣುಬಣ್ಣದ ಹೂವಿನಂಥವು ಒತ್ತೊತ್ತಾಗಿ ಕೂತಿದ್ದವು. ನೋಡಲು ಅದರಲ್ಲಿ ಏನೂ ಇರಲಿಲ್ಲ. ಮಾಸ್ತರರು ಒಳಗೆ ಹೋಗಿ ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು ಬಂದು ಅದನ್ನು ಎತ್ತಿದರು.

"ಇದಕ್ಕ ಯಾಕ್ರೀ ಕೈಗವಸು?" ಅಂದೆ ನಾನು.

"ಸ್ವಲ್ಪ ಚುಚ್ಚತೈತಿ," ಅಂದರು. "ಮನಿಯಾಗ ಒಂದ ಮೂಲಿಗೆ ಇಟ್ಟಬಿಡ್ರಿ. ಅದನ್ನ ಎತ್ತೂದು ಇಡೂದು ಮಾಡಬ್ಯಾಡ್ರಿ. ತನ್ನ ಪಾಡಿಗೆ ತಾ ಇರತೈತಿ."

ಕೈಗವಸನ್ನೂ ನಮಗೇ ಕೊಟ್ಟರು. ಅಷ್ಟೂ ಹೊತ್ತು ಅವರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. ಟೆಂಪೋ ಹೊರಡುವಾಗ ನನ್ನ ಕೈ ಹಿಡಿದು ಮರಾಠಿಯಲ್ಲಿ, "ನ್ಯಾ ಬಾಯಿ ಏಕದಾಚಂ," ಅಂದರು. ಒಯ್ದುಬಿಡಮ್ಮ ಒಂದು ಸಲ, ಎಂದು. ಮನೆಯಲ್ಲಿ ಜಾಗ ಹಿಡಿದು ಬೇಜಾರಾಗಿರಬೇಕು ಎಂದುಕೊಂಡೆ.

ನಮ್ಮ ಪಡಸಾಲೆಯಲ್ಲಿ ತೊಟ್ಟಿ ಎದ್ದು ನಿಂತಿತು. ಪಂಪು, ದೀಪ, ಕರೆಂಟು ಹೋದರೆ ನಡೆಯಲು ಬ್ಯಾಟರಿ. ನೀರನ್ನು ಸೋಸಿ, ಸಮುದ್ರದ ಉಪ್ಪು ಕಲಸಿ ತಯಾರಿಸುವುದೇ ಒಂದು ಕೆಲಸ. ಶೆಡ್ಡಿನಿಂದ ಹಾರಿ ಬರುವ ಹತ್ತಿಯ ದೂಳು ನೀರ ಮೇಲೆ ಕೆನೆಗಟ್ಟುತ್ತಿತ್ತು; ಅದನ್ನು ದಿನವೂ ತೆಗೆಯಬೇಕು. ಹತ್ತಿರದ ಉದಗಾಂವದಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆ, ಕುತ್ತಿಗೆಯ ಹವಳದ ಸರವನ್ನು ಬೆರಳಿನಿಂದ ಹಿಡಿದುಕೊಂಡು ಗಾಜಿನ ಎದುರು ಕೂತು ನೋಡಿದರು.

"ತಮ್ಮಾ, ನಮ್ಮ ಜೈನ ಶಾಸ್ತ್ರದಾಗ ಹವಳ ಅಂದ್ರ ಮಣ್ಣಿನ ಜೀವ. ಅದಕ್ಕ ಮುಟ್ಟಿದ್ದಷ್ಟ ತಿಳೀತೈತಿ. ಬ್ಯಾರೆ ಏನೂ ಇಲ್ಲ," ಅಂದರು ಮಗನಿಗೆ, ಕೈಸನ್ನೆ ಮಾಡುತ್ತ.

"ಇದು ತಿಂತೈತವ್ವಾ."

"ಏನ್ ತಿಂತೈತಿ?"

ಅವರು ಕೇಳದವರಂತೆ ಗಾಜು ಒರೆಸತೊಡಗಿದರು. ಸೀಗಡಿಯ ಚೂರುಗಳನ್ನು ಬರ್ಫದಲ್ಲಿಟ್ಟು ಮಾರುತ್ತಾರೆ. ಅದನ್ನು ನಮ್ಮ ಅಡುಗೆಮನೆಗೆ ತರುವ ಹಾಗಿರಲಿಲ್ಲ. ಶೆಡ್ಡಿನ ಆಫೀಸಿನಲ್ಲಿ ಒಂದು ಸಣ್ಣ ಫ್ರಿಜ್ಜು ಇಟ್ಟರು. ಹೊತ್ತು ಮುಳುಗುವ ಮುಂಚೆ ಅತ್ತೆಯ ಊಟ ಆಗಿಬಿಡಬೇಕು, ನಮ್ಮದೂ ಹೆಚ್ಚುಕಡಿಮೆ ಹಾಗೇ. ನಾವು ತಟ್ಟೆ ತೊಳೆದಿಡುವ ಹೊತ್ತಿಗೆ ಸರಿಯಾಗಿ ತೊಟ್ಟಿಯೊಳಗೆ ಊಟ ಶುರುವಾಗುತ್ತಿತ್ತು. ಬಬಲ್ ತನ್ನ ದ್ರಾಕ್ಷಿಗಳನ್ನು ಕುಗ್ಗಿಸಿಕೊಂಡು, ಅವುಗಳ ಸಂದಿನಿಂದ ಸಣ್ಣ ಮುಳ್ಳಿನಂಥ ತೋಳುಗಳನ್ನು ಹೊರಗೆ ಬಿಡುತ್ತಿತ್ತು. ಬ್ರೇನ್‌ನ ಮಡಿಕೆಗಳ ನಡುವೆ ಬಾಯಿಗಳು ತೆರೆಯುತ್ತಿದ್ದವು, ಒಂದಾದ ಮೇಲೆ ಒಂದು. ನನ್ನ ಗಂಡ ಉದ್ದ ಕೊಳವೆಯಿಂದ ಒಂದೊಂದಕ್ಕೂ ತುತ್ತು ಇಡುತ್ತಿದ್ದರು. ಅತ್ತೆ ಒಂದು ಸಂಜೆ ಅದನ್ನು ನೋಡಿದರು. ಮರುದಿನದಿಂದ ಹವಳದ ಸರ ಅವರ ಕುತ್ತಿಗೆಯಲ್ಲಿ ಕಾಣಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮಗ್ಗದವರು, ನೆಂಟರು, ಓಣಿಯವರು ಬಂದು ನೋಡಿ ಹೋಗುತ್ತಿದ್ದರು. ಆಮೇಲೆ ಸಣ್ಣ ಸಣ್ಣ ಕೇಡು ಸುರುವಾದವು. ಟಾರ್ಚ್ ತನ್ನ ಮಾಮೂಲಿ ತೋಳಿಗಿಂತ ಎಷ್ಟೋ ಉದ್ದದ, ದಾರದಷ್ಟು ತೆಳುವಾದ ತೋಳುಗಳನ್ನು ಬಿಟ್ಟು ಪಕ್ಕದ ಬ್ರೇನ್ ಅನ್ನು ಸವರತೊಡಗಿತು. ಸವರಿದಲ್ಲೆಲ್ಲ ಚರ್ಮ ಸುಟ್ಟು ಒಳಗಿನ ಬಿಳಿ ಎಲುಬು ಕಂಡಿತು. ನನ್ನ ಗಂಡ ಅವೆರಡನ್ನೂ ದೂರ ಮಾಡಿದರು. ಕೆಲವೇ ದಿನದಲ್ಲಿ ಹ್ಯಾಮರ್‌ನ ಒಂದು ತಲೆ ಕಂದು ಲೋಳೆಯಾಗಿ ಕರಗಿತು. ಮುಂಜಾನೆ ನೆಟ್ಟಗಿದ್ದದ್ದು ಸಂಜೆಗೆ ಇರಲಿಲ್ಲ. ಆ ತಲೆ ಮುರಿದು ಎಸೆದರು. ಅವರ ಮುಖ ಸಪ್ಪಗಾಯಿತು. ಶೆಡ್ಡಿಗೆ ಹೋಗುವುದು ಕಡಿಮೆಯಾಗಿ, ಕಡೆಗೆ ನಿಂತೇಹೋಯಿತು. ನಾನು ಹೋಗತೊಡಗಿದೆ.

"ನೀವು ಅದರ ಮುಂದ ಎಷ್ಟಂತ ಕುಂದ್ರತೀರಿ? ಮಂದಿ ಕೇಳಾಕತ್ತಾರ," ಅಂದೆ ಒಂದು ದಿನ, ಅವರ ಮುಖಕ್ಕೆ ಮುಖ ಕೊಟ್ಟು.

"ನಾ ಎದ್ದ ಹೋದ್ರ ಏನರ ಆಗತೈತಿ," ಅಂದರು. "ನಾ ನೋಡತಿದ್ರ ಸುಮ್ಮ ಇರತಾವ."

ಹಾಗೆ ಅವರು ನಿಜವಾಗಿ ನಂಬಿದ್ದರು. ನನಗೂ ಆ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂರಲು ಮನಸ್ಸಾಗುತ್ತಿರಲಿಲ್ಲ. ಮಗ್ಗ ನಿಂತ ದಿನ, ವಿದ್ಯುತ್ತಿಲ್ಲದ ಮಧ್ಯಾಹ್ನ, ಮನೆಯಲ್ಲಿ ಆ ನೀರು ಗುಳುಗುಳು ಅನ್ನುವ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಕೇಳುತ್ತಿತ್ತು.

ಎಲ್ಲರ ಕಣ್ಣೂ ಟಾರ್ಚ್ ಮೇಲೆ, ಹ್ಯಾಮರ್ ಮೇಲೆ ಇದ್ದಾಗ, ಮೂಲೆಯ ಕಲ್ಲಿನ ಮಣ್ಣುಬಣ್ಣದ ಗುಂಡಿಗಳು ಕೆಳಗಿಳಿದು ಪಕ್ಕದ ಕಲ್ಲಿಗೆ ಹತ್ತಿದ್ದವು. ಅವು ಸಾಯುತ್ತಿರಲಿಲ್ಲ, ಸೊರಗುತ್ತಿರಲಿಲ್ಲ. ಕರೆಂಟು ಹೋದರೂ, ನೀರಿಗೆ ಉಪ್ಪು ಹೆಚ್ಚಾದರೂ ತಮ್ಮ ಪಾಡಿಗೆ ತಾವು ತೆರೆದಿರುತ್ತಿದ್ದವು. ಬ್ರೇನ್‌ನ ಸುಟ್ಟ ಅಂಚಿಗೆ ಅವು ಮುಟ್ಟಿದ ದಿನ ನನ್ನ ಗಂಡ ಫೋಟೋ ತೆಗೆದು ಕೊಲ್ಹಾಪುರದ ಅಂಗಡಿಯವನಿಗೆ ಕಳಿಸಿದರು. ಅವನು ಕೂಡಲೇ ಉತ್ತರ ಬರೆದ: ಇದು ಕಳೆ ಇದ್ದ ಹಾಗೆ, ಬಿಟ್ಟರೆ ಎಲ್ಲ ತಿನ್ನುತ್ತದೆ, ಕಲ್ಲನ್ನು ಹೊರಗೆ ತೆಗೆದು ಕುದಿಯುವ ನೀರು ಹೊಯ್ದು ಉಜ್ಜಿಬಿಡಿ.

ಅವರು ಹಾಗೆ ಮಾಡಿದ ದಿನ ಮುಂಜಾನೆ ನಾನು ಶೆಡ್ಡಿನಲ್ಲಿದ್ದೆ. ಮಗ್ಗಕ್ಕೆ ನೂಲು ಸುತ್ತಿದ ಹೊಸ ಬೀಮು ಏರಿಸುವುದಿತ್ತು. ಊಟದ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದರೆ ವಾಸನೆ. ಕೊಳೆತದ್ದಲ್ಲ, ಬೇಯಿಸಿದ ಸೊಪ್ಪಿಗೂ ಸುಟ್ಟ ಕೂದಲಿಗೂ ನಡುವಿನದು. ಬಚ್ಚಲಿನಲ್ಲಿ ಆವಿ ಇನ್ನೂ ತುಂಬಿತ್ತು. ನನ್ನ ಗಂಡ ಬನಿಯನ್ನಿನಲ್ಲಿ, ಕೈಗೆ ಆ ರಬ್ಬರ್ ಕೈಗವಸು ಹಾಕಿಕೊಂಡು, ಬಕೆಟ್ಟಿನ ಮೇಲೆ ಬಗ್ಗಿ ಕಲ್ಲನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು.

"ನೋಡು, ಸ್ವಚ್ಛ ಆತು," ಅಂದರು, ಕಲ್ಲು ಎತ್ತಿ ತೋರಿಸಿ.

ಬಚ್ಚಲಿಗೆ ಅಂಟಿದ ಕೋಣೆ ಅತ್ತೆಯದು. ಅವರು ಮಂಚದ ಮೇಲೆ ಕೂತು ಆಜರಾದಿಂದ ತರಿಸಿದ ಘಮದ ಅಕ್ಕಿ ಆರಿಸುತ್ತಿದ್ದರು. ನಡುವಿನ ಬಾಗಿಲು ತೆರೆದೇ ಇತ್ತು. "ಯವ್ವಾ, ಈ ಸಲದ ಅಕ್ಕಿಗೆ ವಾಸನಿನ ಇಲ್ಲ ನೋಡು," ಅಂದರು ನನಗೆ, ಒಂದು ಹಿಡಿ ಮೂಗಿಗೆ ಹಿಡಿದು. ನಾನೂ ಮೂಸಿದೆ. ಘಮಘಮಿಸುತ್ತಿತ್ತು. ಅವರಿಗೆ ನೆಗಡಿಯಾಗಿರಬೇಕು ಅಂದುಕೊಂಡು, ಕಿಟಕಿ ತೆಗೆದು, ಅಡುಗೆಗೆ ಹೋದೆ.

ಹೊತ್ತು ಮುಳುಗುವ ಮುಂಚೆ ಅತ್ತೆ ಕೊನೆಯ ನೀರು ಕುಡಿಯುತ್ತಾರೆ. ಆ ಸಂಜೆ ಒಂದು ಗುಟುಕು ಬಾಯಿಗೆ ಹಾಕಿದವರೇ ಉಗುಳಿದರು.

"ಏನಾತ್ರಿ ಅತ್ತಿ?"

"ಹಿತ್ತಾಳಿ ನೆಕ್ಕಿದಂಗ ಆಗತೈತಿ. ಇದ್ಯಾವ ನೀರು?"

ತಂಬಿಗೆ ಬದಲಿಸಿ ಕೊಟ್ಟೆ. ಅದೂ ಹಾಗೇ. ಅಷ್ಟರಲ್ಲಿ ಪಡಸಾಲೆಯಿಂದ ಕುರ್ಚಿ ಸರಿದ ಸದ್ದು. ನನ್ನ ಗಂಡ ಎರಡೂ ಕೈ ಕಂಕುಳಿಗೆ ಸೇರಿಸಿ ನಡುಗುತ್ತಿದ್ದರು. ಮೈ ಕಾದ ಹಂಚು. ನನ್ನ ಗಂಟಲೂ ಕೆರೆಯುತ್ತಿತ್ತು. ಓಣಿಯ ಡಾಕ್ಟರರು ಬಂದು ನೋಡಿದರು. ಊರಲ್ಲೆಲ್ಲ ಜ್ವರ ಹರಡಿದೆ, ಇದೂ ಅದೇ ಎಂದು ಗುಳಿಗೆ ಕೊಟ್ಟು ಹೋದರು. ಅವರನ್ನು ನಾನು ದೂರುವುದಿಲ್ಲ. ಬಚ್ಚಲಲ್ಲಿ ಕಲ್ಲು ತೊಳೆದದ್ದನ್ನು ಅವರಿಗೆ ಯಾರು ಹೇಳಬೇಕಿತ್ತು? ನಮಗೇ ಎರಡಕ್ಕೂ ಸಂಬಂಧ ಇದೆ ಅನ್ನಿಸಿರಲಿಲ್ಲ.

ಬೆಳಗಾದಾಗ ನನ್ನ ಗಂಡನ ಎದೆಯಿಂದ ಸಿಳ್ಳೆ ಬರುತ್ತಿತ್ತು. ಪ್ರತಿ ಉಸಿರಿಗೂ ಒಂದು ಸಣ್ಣ ಸಿಳ್ಳೆ. ಅವರಿಗೆ ಅದು ಕೇಳುತ್ತಿರಲಿಲ್ಲ. "ಆರಾಮ ಅದೇನಿ, ಆರಾಮ ಅದೇನಿ," ಅನ್ನುತ್ತಿದ್ದರು, ಮತ್ತು ಅವರ ತುಟಿ ನೀಲಿಗಟ್ಟಿತ್ತು. ಅತ್ತೆ ಗೋಡೆಗೆ ಒರಗಿ ಕೂತು ಬಾಯಿ ತೆರೆದು ಉಸಿರಾಡುತ್ತಿದ್ದರು. ಇಬ್ಬರಿಗೂ ಒಂದೇ ಸಲ ಹೀಗೆ ಆದದ್ದು ಹೇಗೆ ಎಂದು ಯೋಚಿಸುತ್ತ ಬಚ್ಚಲಿಗೆ ಹೋದೆ. ಮೂಲೆಯಲ್ಲಿ ಕೈಗವಸು ನೇತಾಡುತ್ತಿತ್ತು. ಮಾಸ್ತರರು ಉಳಿದ ಎಲ್ಲವನ್ನೂ ಬರಿಗೈಯಿಂದ ಎತ್ತಿದ್ದು ಆಗ ನೆನಪಿಗೆ ಬಂತು.

ಗಡಹಿಂಗ್ಲಜಕ್ಕೆ ಫೋನು ಮಾಡಿದೆ. ತೆಗೆದವರು ಅವರ ಹೆಂಡತಿ. ನಾನು ಯಾರೆಂದು ಹೇಳಿ, ಮನೆಯಲ್ಲಿ ಜಡ್ಡು ಎನ್ನುವಷ್ಟರಲ್ಲಿ ಅವರೇ ಕೇಳಿದರು.

"ಆ ಮೂಲಿ ಕಲ್ಲು ಕುದಿಸಿದ್ರ್ಯಾ?"

"ಬಿಸಿನೀರು ಹೊಯ್ದು ತಿಕ್ಕ್ಯಾರ್ರಿ."

ಅವರು ಒಂದೇ ಉಸಿರಿನಲ್ಲಿ, "ಬಾಯಿ, ಸುಮ್ಮ ಕೂಡಬ್ಯಾಡ್ರಿ. ಕೊಲ್ಹಾಪುರಕ್ಕ ಒಯ್ಯಿರಿ, ದೊಡ್ಡ ದವಾಖಾನಿಗೆ. ಅದು ವಿಷ. ಡಾಕ್ಟರಿಗೆ ಹವಳದ ವಿಷ ಅಂತ ಹೇಳ್ರಿ, ಆವಿ ಕುಡದಾರ ಅಂತ ಹೇಳ್ರಿ," ಅಂದರು. ಅಳುತ್ತಿದ್ದರು.

ಕಾರು ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ತಾಯಿ ಮಗ ಒಬ್ಬರ ಮೇಲೊಬ್ಬರು ಒರಗಿದ್ದರು. ದಾರಿಯುದ್ದಕ್ಕೂ ಆ ಸಿಳ್ಳೆ ಕೇಳುತ್ತಿತ್ತು. ಅದು ಕೇಳುವವರೆಗೆ ಅಡ್ಡಿಯಿಲ್ಲ ಎಂದುಕೊಳ್ಳುತ್ತ ಹೋದೆ. ಒಂದು ಟ್ರ್ಯಾಕ್ಟರು ಅಡ್ಡ ಬಂದು ನಾನು ಹಾರ್ನು ಒತ್ತಿದಾಗ ಸಿಳ್ಳೆ ಕೇಳಿಸಲಿಲ್ಲ. ಹಾರ್ನು ಬಿಟ್ಟ ಮೇಲೆ ಮತ್ತೆ ಕೇಳಿತು.

ಆಸ್ಪತ್ರೆಯಲ್ಲಿ ಮೊದಲು ನೋಡಿದ ಡಾಕ್ಟರಿಗೆ ನನಗೆ ಮಗಳಾಗುವಷ್ಟು ವಯಸ್ಸು. ಹವಳದ ವಿಷ ಅಂದಾಗ ಉಂಗುರದ ಹವಳವೋ ಎಂದು ಮರಾಠಿಯಲ್ಲಿ ಕೇಳಿದಳು. ತೊಟ್ಟಿಯ ಕಥೆ ಹೇಳಿದೆ, ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವಳು ಯಾರಿಗೋ ಫೋನು ಮಾಡಿದಳು, ತನ್ನ ಫೋನಿನಲ್ಲಿ ಓದಿದಳು. ಓದುತ್ತ ಓದುತ್ತ ಕುರ್ಚಿಯಿಂದ ಎದ್ದಳು. ಇದಕ್ಕೆಂದೇ ಬೇರೆ ಔಷಧ ಇಲ್ಲ, ಉಸಿರು ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ, ಅಷ್ಟೇ ನಮ್ಮ ಕೈಲಿರುವುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಮನೆಗೆ ಬೀಗ ಹಾಕಿಸಿ, ಯಾರನ್ನೂ ಆ ಬಚ್ಚಲಿಗೆ ಬಿಡಬೇಡಿ ಎಂದಳು.

ನನ್ನ ಗಂಡನ ಮುಖಕ್ಕೆ ಮಾಸ್ಕು ಕಟ್ಟಿದರು. ಮಾತಾಡಲಾಗದೆ, ಕೇಳಲೂ ಆಗದೆ ಅವರು ಗಾಜಿನ ಬಾಗಿಲಿನ ಆಚೆ ಮಲಗಿದ್ದರು. ನಾನು ಈಚೆಯಿಂದ ನೋಡುತ್ತಿದ್ದೆ. ಎದೆ ಏರುವುದು, ಇಳಿಯುವುದು. ಅದನ್ನೇ ನೋಡುತ್ತ ಕೂತೆ. ನಾನು ಎದ್ದು ಹೋದರೆ ಏನಾದರೂ ಆಗುತ್ತದೆ ಅನ್ನಿಸುತ್ತಿತ್ತು.

ಅತ್ತೆ ಬೇಗ ಚೇತರಿಸಿಕೊಂಡರು. ಇವರಿಗೆ ಭಾಳ ದಿನ ಹಿಡಿಯಿತು. ಇಬ್ಬರೂ ಉಳಿದರು. ಆದರೆ ನನ್ನ ಗಂಡನ ಎದೆ ಮೊದಲಿನ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ ಎಂದು ಹೇಳಿ ಕಳಿಸಿದರು. ಮಾಳಿಗೆಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ಗೋಡೆ ಹಿಡಿದು ನಿಲ್ಲುತ್ತಾರೆ.

ಅವರು ಆಸ್ಪತ್ರೆಯಲ್ಲಿದ್ದಾಗಲೇ ನಾನು ಒಬ್ಬಳೇ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಹೋದೆ. ತವರಿಗೆ ಕಾಲಿಡದೆ ನೇರ ಮಾಸ್ತರರ ಮನೆಗೆ. ಅವರು ನನ್ನನ್ನು ನೋಡಿದ ಕೂಡಲೇ ಏನೂ ಕೇಳದೆ ಕಪ್ಪು ಕನ್ನಡಕ ತೆಗೆದರು. ಒಂದು ಕಣ್ಣಿನ ಮೇಲೆ ಹಾಲು ಚೆಲ್ಲಿದ ಗಾಜಿನ ಹಾಗೆ ಬಿಳಿ ಪೊರೆ. ಕಲ್ಲು ಒಡೆಯುವಾಗ ಒಂದು ಗುಂಡಿ ಒಡೆದು ರಸ ಚಿಮ್ಮಿತ್ತಂತೆ.

"ನಮಗ್ಯಾಕ ಹೇಳಲಿಲ್ರಿ ಸರ?"

"ಹೇಳಿದ್ರ ನೀವು ಒಯ್ತಿದ್ರ್ಯಾ?"

"ಇಲ್ಲ."

"ಅದಕ್ಕ ಹೇಳಲಿಲ್ಲ," ಅಂದರು. ದನಿಯಲ್ಲಿ ಜಗಳ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಮನಿಯಾಗ ಇಟ್ಕೊಳ್ಳಾಕ ಅಂಜಿಕಿ. ಹೊರಗ ಒಗಿಯಾಕ ಅಂಜಿಕಿ. ಇಕಿ ದಿನಾ ಅಳತಿದ್ಲು. ಮುಟ್ಟಬ್ಯಾಡ್ರಿ ಅಂತ ಹೇಳಿದ್ನಲ್ಲರಿ."

ಅವರ ಹೆಂಡತಿ ಒಳಗಿನಿಂದ ನೀರು ತಂದು ಮುಂದಿಟ್ಟರು. ನಾನು ಕುಡಿಯಲಿಲ್ಲ. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಮಾಸ್ತರರು ಹಿಂದಿನಿಂದ, "ಇನ್ನೊಂದು ಕೇಳ್ರಿ. ನೀವು ಒಂದ ಕಲ್ಲ ತಗದೀರಿ. ಉಳದ ಕಲ್ಲಿನ ಸಂದಿಯೊಳಗ ಬ್ಯಾಟರಿ ಬೆಳಕು ಬಿಟ್ಟು ನೋಡ್ರಿ," ಅಂದರು.

ಮನೆಗೆ ಬಂದು ನೋಡಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಜಿನ ಹೊರಗಿನಿಂದಲೇ. ಬ್ರೇನ್‌ನ ಬೆನ್ನ ಹಿಂದೆ, ಕಲ್ಲಿನ ಬಿರುಕುಗಳಲ್ಲಿ, ಪಂಪಿನ ಕೊಳವೆಯ ಸುತ್ತ, ಎಣಿಸಲು ಬಾರದಷ್ಟು ಗುಂಡಿಗಳು. ನಾವು ತೆಗೆದದ್ದು ಕಣ್ಣಿಗೆ ಕಂಡ ಒಂದು ತುಂಡು ಮಾತ್ರ.

ಏನು ಮಾಡುವುದೆಂದು ತಿಳಿಯಲಿಲ್ಲ. ಪಂಚಗಂಗಾ ನದಿಗೆ ಹಾಕುವ ಮಾತೇ ಇಲ್ಲ, ಅದು ಊರು ಕುಡಿಯುವ ನೀರು. ಯಾರಿಗಾದರೂ ಕೊಡುವುದೆಂದರೆ ಗಡಹಿಂಗ್ಲಜದವರು ನಮಗೆ ಮಾಡಿದ್ದನ್ನೇ ಮಾಡಿದಂತೆ. ಬ್ಲೀಚಿಂಗ್ ಪುಡಿ ಹಾಕಿ ಕೊಲ್ಲಬಹುದು ಎಂದು ಆಸ್ಪತ್ರೆಯ ಹುಡುಗಿ ಡಾಕ್ಟರು ಯಾರನ್ನೋ ಕೇಳಿ ತಿಳಿಸಿದ್ದಳು. ಆದರೆ ಅದರೊಳಗೆ ಟಾರ್ಚ್ ಇತ್ತು, ಹ್ಯಾಮರ್ ಇತ್ತು, ಬಬಲ್ ಇತ್ತು, ಮೀನು ಇದ್ದವು. ಅತ್ತೆ ಒಂದೇ ಮಾತು ಹೇಳಿದರು: "ಕೊಲ್ಲಬ್ಯಾಡ್ರಿ. ಯಾರಿಗೂ ಕೊಡಬ್ಯಾಡ್ರಿ." ನನ್ನ ಗಂಡ ಮನೆಗೆ ಬಂದ ದಿನವೇ ಕುರ್ಚಿಯನ್ನು ಮತ್ತೆ ಅಲ್ಲಿಗೆ ಎಳೆದುಕೊಂಡರು. ಮೊದಲಿಗಿಂತ ಎರಡು ಮಾರು ಹಿಂದೆ, ಅಷ್ಟೇ ಫರಕು. ತುತ್ತು ಇಡುವ ಕೆಲಸ ನನ್ನ ಪಾಲಿಗೆ ಬಂತು. ಕೈಗವಸು, ಕನ್ನಡಕ, ಮಾಸ್ಕು ಹಾಕಿಕೊಂಡು ಆ ಬಾಯಿಗಳಿಗೆ ಸೀಗಡಿ ಹಾಕುತ್ತಿದ್ದೆ. ಗುಂಡಿಗಳು ನನ್ನ ನೆರಳು ಬಿದ್ದರೆ ಮುಚ್ಚಿಕೊಳ್ಳುತ್ತಿದ್ದವು, ನೆರಳು ಸರಿದರೆ ತೆರೆಯುತ್ತಿದ್ದವು.

ಹಾಗೇ ಮಳೆಗಾಲ ಬಂತು. ಆ ವರ್ಷ ನದಿ ದಂಡೆ ಬಿಟ್ಟು ಮೇಲೆ ಬಂತು. ನೀರು ನಮ್ಮ ಓಣಿಯ ಕೆಳಗಿನ ತುದಿಯವರೆಗೆ ಬಂದು ನಿಂತಿತು, ಮನೆಯೊಳಗೆ ಬರಲಿಲ್ಲ. ಆದರೆ ಅಪಾಯವೆಂದು ಇಡೀ ಭಾಗದ ಕರೆಂಟು ತೆಗೆದರು. ಮಗ್ಗಗಳೆಲ್ಲ ನಿಂತವು. ಹುಟ್ಟಿದಾಗಿನಿಂದ ಗಲಗಲ ಅನ್ನುವ ಊರು ಒಮ್ಮೆಗೇ ಬಾಯಿ ಮುಚ್ಚಿತು. ಬ್ಯಾಟರಿ ಒಂದು ದಿನ ಪಂಪು ನಡೆಸಿ ಅದೂ ಸುಮ್ಮನಾಯಿತು.

ಪಂಪು ನಿಂತರೆ ನೀರಿಗೆ ಗಾಳಿ ಇಲ್ಲ. ತಂಬಿಗೆಯಿಂದ ನೀರು ಎತ್ತಿ ಎತ್ತರದಿಂದ ಸುರಿಯುತ್ತಿರಬೇಕು. ನನ್ನ ಗಂಡ ಎದ್ದು ಬಂದು ತಂಬಿಗೆ ಹಿಡಿದರು.

"ನೀವು ದೂರ ಹೋಗ್ರಿ," ಅಂತ ಕಿತ್ತುಕೊಂಡೆ. "ಆ ನೀರು ನಿಮ್ಮ ಮೂಗಿಗೆ ಸಿಡದ್ರ?"

"ಅವಕ್ಕ ಉಸಿರು ಸಿಗವಲ್ದು," ಅಂದರು. "ನಂಗ ಗೊತ್ತಾಗತೈತಿ ಅದು ಹ್ಯಾಂಗಿರತೈತಿ ಅಂತ."

ನಾನು ಸುರಿದೆ. ಮಧ್ಯಾಹ್ನವೆಲ್ಲ ಸುರಿದೆ. ಅವರು ಹೊಸ್ತಿಲಾಚೆ ನಿಂತು ನೋಡಿದರು. ಮೊದಲು ಮೀನು ಮೇಲಕ್ಕೆ ಬಂದು ಬಾಯಿ ಬಡಿದು ಹೋದವು. ಟಾರ್ಚ್‌ನ ತೋಳುಗಳು ಒಳಗೆ ಸರಿದವು, ಮತ್ತೆ ಹೊರಗೆ ಬರಲಿಲ್ಲ. ಮರುದಿನ ಬಬಲ್‌ನ ದ್ರಾಕ್ಷಿಗಳು ಸೊರಗಿ ಜೋತುಬಿದ್ದವು. ಬ್ರೇನ್‌ನ ಚರ್ಮ ನೆಂದ ಕಾಗದದ ಹಾಗೆ ಕಲ್ಲಿನಿಂದ ಬಿಟ್ಟು ನೀರಲ್ಲಿ ತೇಲಿತು. ಮನೆಯಲ್ಲಿ ಕೂರಲಾಗದ ನಾತ. ಕಿಟಕಿ ತೆಗೆದರೆ ಹೊರಗೆ ನೆರೆಯ ನಾತ. ನನ್ನ ಗಂಡ ಅಳಲಿಲ್ಲ. ಒಂದೊಂದರ ಹೆಸರು ಹೇಳುತ್ತ, "ಅದು ಹೋತು," ಅನ್ನುತ್ತಿದ್ದರು, ಅಷ್ಟೇ.

ನೀರು ಇಳಿದು ಕರೆಂಟು ಬಂದದ್ದು ಒಂದು ಮುಂಜಾನೆ. ತೊಟ್ಟಿಯ ದೀಪ ತಾನಾಗಿಯೇ ಹತ್ತಿತು. ಎಲ್ಲ ಸತ್ತ, ಕದಡಿದ ಆ ನೀರಿನೊಳಗೆ, ಬಿಳಿ ಎಲುಬುಗಳ ನಡುವೆ, ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಮಣ್ಣುಬಣ್ಣದ ಗುಂಡಿಗಳು ತೆರೆದವು. ಒಂದು, ಆಮೇಲೆ ಅದರ ಪಕ್ಕದ್ದು, ಆಮೇಲೆ ಎಲ್ಲವೂ. ನಾವು ಮೂವರೂ ನಿಂತು ನೋಡಿದೆವು.

"ಇವು ಅದಾವು," ಅಂದರು ನನ್ನ ಗಂಡ.

ಅತ್ತೆ ನನ್ನ ಕಡೆ ತಿರುಗಿದರು. ಜೀವಮಾನವಿಡೀ ಇರುವೆ ಸಾಲು ಕಂಡರೆ ಕಾಲು ಹಿಂದೆಗೆಯುವ ಹೆಂಗಸು. "ಯವ್ವಾ, ಆ ಬ್ಲೀಚಿಂಗ್ ಏನದ, ಹಾಕು," ಅಂದರು. "ಮನಿಯಾಗಿನ ಮಂದಿ ಉಳೀಬೇಕು. ಪಾಪ ನನಗ ಹತ್ತಲಿ."

ಅವರಿಬ್ಬರನ್ನೂ ಉದಗಾಂವದ ನೆಂಟರ ಮನೆಗೆ ಕಳಿಸಿ, ಕಿಟಕಿ ಬಾಗಿಲು ಎಲ್ಲ ತೆರೆದು, ಮೈತುಂಬ ಪ್ಲಾಸ್ಟಿಕ್ ಹೊದ್ದುಕೊಂಡು, ಡಾಕ್ಟರು ಹೇಳಿದ ಹಾಗೆ ನೀರನ್ನು ಕಲಕದೆ ಬ್ಲೀಚಿಂಗ್ ಸುರಿದೆ. ಗುಂಡಿಗಳು ಮುಚ್ಚಿಕೊಂಡವು. ಬೇಗ ಸಾಯಲಿಲ್ಲ. ಮುಚ್ಚಿಕೊಂಡೇ ಇದ್ದವು, ಹೊರಗೆ ಯಾರಿದ್ದಾರೆ ಎಂದು ಆಲಿಸುವವರ ಹಾಗೆ. ಕಡೆಗೆ ಬಣ್ಣ ಬಿಟ್ಟು ಲೋಳೆಯಾದವು. ಕಲ್ಲುಗಳನ್ನು ಶೆಡ್ಡಿನ ಹಿಂದೆ ಆಳದ ತಗ್ಗು ತೋಡಿಸಿ, ಸುಣ್ಣ ಹಾಕಿ ಮುಚ್ಚಿಸಿದೆ. ಅತ್ತೆ ವಾಪಸು ಬಂದು ಉಪವಾಸ ಹಿಡಿದರು.

ಈಗ ಪಡಸಾಲೆಯಲ್ಲಿ ಆ ಜಾಗ ಖಾಲಿ. ಮೊನ್ನೆ ನನ್ನ ಗಂಡ ಚಹಾ ಕುಡಿಯುತ್ತ ಫೋನು ನೋಡುತ್ತಿದ್ದರು. ಬಗ್ಗಿ ನೋಡಿದೆ. ನೀಲಿ ಬೆಳಕು, ಅದರೊಳಗೆ ಏನೋ ತೂಗಾಡುತ್ತಿತ್ತು.

"ಬರೇ ಮೀನ," ಅಂದರು, ನಾನು ಏನೂ ಕೇಳದಿದ್ದರೂ. "ಹವಳ ಇಲ್ಲ. ಕಲ್ಲೂ ಇಲ್ಲ. ಆಜರಾ ಕಡೆ ಒಬ್ಬಾಂವ ಕೊಡಾಕತ್ತಾನಂತ. ಪೂರಾ ಸೆಟ್ಟ."

"ಯಾಕ ಕೊಡಾಕತ್ತಾನಂತ?" ಅಂದೆ.

ಅವರಿಗೆ ಕೇಳಿಸಲಿಲ್ಲವೋ ಏನೋ. ಫೋನಿನಿಂದ ಕಣ್ಣು ತೆಗೆಯಲಿಲ್ಲ. ನಾನು ಅವರ ಎದುರಿಗೆ ಹೋಗಿ ನಿಂತು, ಗದ್ದ ಹಿಡಿದು ಮುಖ ಮೇಲೆತ್ತಿ, ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿದೆ.